ಬಳಸಿದ ಸಣ್ಣ ಟ್ರ್ಯಾಕ್ಟರನ್ನು ಖರೀದಿಸಿ ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುವ ರೈತರಿಗೆ ಮಾಹಿತಿ

20 ಅಶ್ವಶಕ್ತಿಗಿಂತ ಕಡಿಮೆ ಸಾಮರ್ಥ್ಯದ ಸಣ್ಣ ಟ್ರ್ಯಾಕ್ಟರುಗಳು ದ್ರಾಕ್ಷಿ, ದಾಳಿಂಬೆ ಮುಂತಾದ ತೋಟಗಳ ಸಾಲುಗಳ ನಡುವೆ ಅಂತರ ಬೇಸಾಯ ಮತ್ತು ಔಷಧಿ ಸಿಂಪರಣೆಗೆ ಉಪಯುಕ್ತವಾಗಿರುತ್ತವೆ. ಮೂರು ಸಿಲಿಂಡರಿನ ವಿ.ಎಸ್.ಟಿ. ಶಕ್ತಿ ಎಂ.ಟಿ. 180 ಡಿ, ಒಂದೇ ಸಿಲಿಂಡರಿನ ಮಹೀಂದ್ರ ಯುವರಾಜ್ 215 ಈ ವರ್ಗಕ್ಕೆ ಸೇರಿದವು. ಬಳಸಿದ ಯಂತ್ರವನ್ನು ಕಡಿಮೆ ಬೆಲೆಗೆ ಕೊಂಡು, ಬಿಡುವಿನ ವೇಳೆಯಲ್ಲಿ ಸ್ವತಃ ದುರಸ್ತಿ ಮಾಡಿಕೊಳ್ಳಲು ಬಯಸುವ ರೈತರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ರೈತರು ಸಾಮಾನ್ಯವಾಗಿ ಮೊದಲು ಎಂಜಿನ್ ಬಿಚ್ಚುತ್ತಾರೆ, ನಂತರ ದಾಖಲೆಗಳ ಕಡೆಗೆ ಗಮನ ಹರಿಸುತ್ತಾರೆ. ಈ ಕ್ರಮವು ತಿರುವುಮುರುವಾಗಿರಬೇಕು.

ದಾಖಲೆಗಳ ಪರಿಶೀಲನೆ

ಹಣ ಪಾವತಿಸುವ ಮುನ್ನ ನೋಂದಣಿ ಪ್ರಮಾಣಪತ್ರದಲ್ಲಿರುವ ಎಂಜಿನ್ ಸಂಖ್ಯೆ ಹಾಗೂ ಚಾಸಿ ಸಂಖ್ಯೆಗಳನ್ನು ಯಂತ್ರದ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ಹೋಲಿಸಿ ನೋಡತಕ್ಕದ್ದು. ಹಿಂದಿನ ಮಾಲೀಕರು ಎಂಜಿನ್ ಬದಲಾಯಿಸಿ ಪ್ರಮಾಣಪತ್ರದಲ್ಲಿ ನಮೂದಿಸದೆ ಬಿಟ್ಟಿದ್ದಲ್ಲಿ, ಎಷ್ಟೇ ಚೆನ್ನಾಗಿ ದುರಸ್ತಿಯಾದ ಟ್ರ್ಯಾಕ್ಟರೂ ಖರೀದಿದಾರರ ಹೆಸರಿಗೆ ವರ್ಗಾವಣೆಯಾಗುವುದು ಕಷ್ಟ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಮೇರೆಗೆ ಎಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮೋದನೆ ಅಗತ್ಯ. ಬದಲಾವಣೆಯಾದ 14 ದಿನಗಳೊಳಗೆ ಅದನ್ನು ಪ್ರಮಾಣಪತ್ರದಲ್ಲಿ ನಮೂದಿಸಲು ವರದಿ ಸಲ್ಲಿಸಬೇಕು. ಗುಜರಿಯಿಂದ ಬೇರೊಂದು ಎಂಜಿನ್ ತಂದು ಕೂರಿಸುವ ಆಲೋಚನೆಯುಳ್ಳವರು ಇದನ್ನು ವಿಶೇಷವಾಗಿ ಗಮನಿಸುವುದು.

ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು ನಮೂನೆ 30ರಲ್ಲಿ ಅರ್ಜಿ ಸಲ್ಲಿಸಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದಲ್ಲಿ ಮಾರಾಟಗಾರರು 14 ದಿನಗಳೊಳಗೆ, ಖರೀದಿದಾರರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಟ್ರ್ಯಾಕ್ಟರಿನ ಮೇಲೆ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲದ ಕರಾರು ನಮೂದಾಗಿದ್ದಲ್ಲಿ ನಮೂನೆ 35, ಬೇರೆ ರಾಜ್ಯದಲ್ಲಿ ನೋಂದಣಿಯಾಗಿದ್ದಲ್ಲಿ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಇರುತ್ತದೆ. ಟ್ರ್ಯಾಕ್ಟರಿನ ಪ್ರಮಾಣಪತ್ರ ಅದಕ್ಕೆ ಅನ್ವಯಿಸುವುದಿಲ್ಲ.

ಕೃಷಿ ಟ್ರ್ಯಾಕ್ಟರು ನಿಯಮಗಳ ಪ್ರಕಾರ ಸಾರಿಗೇತರ ವಾಹನವಾಗಿದ್ದು, ಅದರ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಬಳಸಿದ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹಲವು ಈ ಅವಧಿಯನ್ನು ದಾಟಿರುತ್ತವೆ. ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿದಲ್ಲಿ, ವಾಹನದ ತಪಾಸಣೆಯ ನಂತರ ನೋಂದಣಿಯನ್ನು 5 ವರ್ಷಗಳಿಗೆ ನವೀಕರಿಸಲಾಗುವುದು. ಆದ್ದರಿಂದ ಬ್ರೇಕ್, ಸ್ಟೀರಿಂಗ್ ಮತ್ತು ದೀಪಗಳ ದುರಸ್ತಿಯನ್ನು ತಪಾಸಣೆಗೆ ಮೊದಲೇ ಪೂರ್ಣಗೊಳಿಸಿಕೊಳ್ಳುವುದು ಸೂಕ್ತ.

ತುಕ್ಕು ತೆಗೆದು ಬಣ್ಣ ಬಳಿಯುವಾಗ ಚಾಸಿ ಸಂಖ್ಯೆಯಿರುವ ಭಾಗಕ್ಕೆ ಗ್ರೈಂಡರ್ ಅಥವಾ ತಂತಿಯ ಬ್ರಷ್ ತಾಗಿಸಬಾರದು. ಆ ಭಾಗಕ್ಕೆ ಗ್ರೀಸ್ ಹಚ್ಚಿ, ಟೇಪ್ ಅಂಟಿಸಿ, ನಂತರ ಬಣ್ಣದ ಕೆಲಸ ಕೈಗೊಳ್ಳಬೇಕು. ಅಳಿಸಿಹೋದ ಸಂಖ್ಯೆಯು ಪ್ರಾಮಾಣಿಕ ಖರೀದಿದಾರರನ್ನೂ ಸಂಶಯಕ್ಕೆ ಗುರಿಪಡಿಸುತ್ತದೆ.

ಬಿಚ್ಚುವ ಮೊದಲು ದೋಷ ಗುರುತಿಸುವುದು

ಟ್ರ್ಯಾಕ್ಟರನ್ನು ಎಂಜಿನ್ ತಣ್ಣಗಿರುವಾಗಲೇ ಚಾಲನೆ ಮಾಡಿ ನೋಡಬೇಕು. ಖರೀದಿದಾರರು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅದು ತಣ್ಣಗಾಗುವವರೆಗೆ ಕಾಯುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಕಪ್ಪು ಹೊಗೆ ಬಂದಲ್ಲಿ ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಏರ್ ಕ್ಲೀನರ್ ಕಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಅಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಬೆಳಗಿನ ಚಳಿಯಲ್ಲಿ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುವುದು ಸಹಜ. ಅದು ನಿಲ್ಲದೆ ಮುಂದುವರಿದು, ರೇಡಿಯೇಟರಿನಲ್ಲಿ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯಿದೆ. ಆಯಿಲ್ ಅಳತೆಯ ಕಡ್ಡಿಯನ್ನು ಹೊರತೆಗೆದಾಗ ಆಯಿಲ್ ಹಾಲು ಬೆರೆಸಿದಂತೆ ಕಂಡುಬಂದಲ್ಲಿ ನೀರು ಸೇರಿದೆಯೆಂದರ್ಥ. ಅಂತಹ ಎಂಜಿನ್ನನ್ನು ಮುಂದೆ ಓಡಿಸಬಾರದು.

ಮನೆಯಲ್ಲಿ ಕೈಗೊಳ್ಳಬಹುದಾದ ಕೆಲಸಗಳು

ಬಹಳ ದಿನ ನಿಂತಿದ್ದ ಟ್ರ್ಯಾಕ್ಟರು ಚಾಲನೆಯಾಗದಿರಲು ಬಹುತೇಕ ಸಂದರ್ಭಗಳಲ್ಲಿ ಬ್ಯಾಟರಿ ಅಥವಾ ಡೀಸೆಲ್ ಮಾರ್ಗದಲ್ಲಿ ಸೇರಿಕೊಂಡ ಗಾಳಿ ಕಾರಣವಾಗಿರುತ್ತದೆಯೇ ಹೊರತು ಎಂಜಿನ್ ಅಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸಿದ ನಂತರ, ಅಥವಾ ಟ್ಯಾಂಕ್ ಬರಿದಾದ ನಂತರ ಗಾಳಿಯನ್ನು ಹೊರಬಿಡಲೇಬೇಕು. ಮೊದಲಿಗೆ ಫಿಲ್ಟರಿನ ಮೇಲಿನ ಗಾಳಿ ತಿರುಪನ್ನು ಸಡಿಲಿಸಿ, ಕೈಪಂಪು ಇದ್ದಲ್ಲಿ ಅದನ್ನು ಒತ್ತುತ್ತಾ, ಗುಳ್ಳೆಗಳಿಲ್ಲದ ಡೀಸೆಲ್ ಬಂದ ನಂತರ ಬಿಗಿ ಮಾಡಬೇಕು. ಟ್ಯಾಂಕ್ ಎತ್ತರದಲ್ಲಿರುವ ಮಾದರಿಗಳಲ್ಲಿ ಡೀಸೆಲ್ ತಾನಾಗಿಯೇ ಇಳಿಯುತ್ತದೆ. ನಂತರ ಇಂಧನ ಪಂಪಿನ ತಿರುಪಿನಲ್ಲಿ ಇದೇ ಕ್ರಮ ಅನುಸರಿಸಿ, ಕೊನೆಯದಾಗಿ ನಾಝಲ್ ಕಡೆಯ ಪೈಪಿನ ನಟ್ಟನ್ನು ಸ್ವಲ್ಪ ಸಡಿಲಿಸಿ ಸ್ಟಾರ್ಟರ್ ತಿರುಗಿಸಿದಲ್ಲಿ ಉಳಿದ ಗಾಳಿ ಹೊರಹೋಗುತ್ತದೆ. ಈ ಹಂತದಲ್ಲಿ ಕೈಯನ್ನು ಪೈಪಿನ ಬಳಿ ಹಿಡಿಯಬಾರದು. ನಾಝಲಿನಿಂದ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಸೇರಬಲ್ಲದು. ಗಾಯವು ಮುಳ್ಳು ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಸೇರಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಇರುವ ಮಾದರಿಗಳಲ್ಲಿ, ಗುರುತಿನ ಮಟ್ಟಕ್ಕೆ ಮೀರಿ ಆಯಿಲ್ ತುಂಬಬಾರದು. ಹೆಚ್ಚಾದ ಆಯಿಲ್ಲನ್ನು ಎಂಜಿನ್ ಒಳಕ್ಕೆ ಎಳೆದುಕೊಂಡಲ್ಲಿ, ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲದೆ ವೇಗ ಹೆಚ್ಚಿಸಿಕೊಳ್ಳುವ ಅಪಾಯವಿದೆ. ಎಂಜಿನ್ ಆಯಿಲ್ ಮತ್ತು ಫಿಲ್ಟರುಗಳ ಬದಲಾವಣೆ, ಫ್ಯಾನ್ ಬೆಲ್ಟ್ ಬಿಗಿ ಮಾಡುವುದು, ರೇಡಿಯೇಟರಿನ ಜಾಲರಿ ತೊಳೆಯುವುದು, ಗ್ರೀಸ್ ಹಾಕುವುದು ಇವೆಲ್ಲವನ್ನೂ ಯಂತ್ರದ ಕೈಪಿಡಿ ನೋಡಿಕೊಂಡು ಮನೆಯಲ್ಲಿಯೇ ಮಾಡಬಹುದು. ರೇಡಿಯೇಟರ್ ಬಿಸಿಯಿರುವಾಗ ಮುಚ್ಚಳ ತೆಗೆಯಬಾರದು. ಹಳೆಯ ಆಯಿಲ್ಲನ್ನು ಬಾವಿ, ಕಾಲುವೆಗಳ ಬಳಿ ಸುರಿಯಬಾರದು.

ಬ್ರೇಕ್ ಪೆಡಲಿನ ಸಡಿಲವನ್ನು ಸರಿಪಡಿಸುವುದು ಸುಲಭದ ಕೆಲಸವಾದರೂ ಹೆಚ್ಚಿನ ಜಾಗರೂಕತೆ ಬೇಡುತ್ತದೆ. ಟ್ರ್ಯಾಕ್ಟರಿನ ಎಡ ಮತ್ತು ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಇರುತ್ತದೆ. ಎರಡರ ಹಿಡಿತ ಸಮನಾಗಿರದಿದ್ದಲ್ಲಿ, ವೇಗದಲ್ಲಿ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರು ಒಂದು ಪಕ್ಕಕ್ಕೆ ತಿರುಗಿ ಮಗುಚಬಹುದು. ರಸ್ತೆಗಿಳಿಯುವ ಮುನ್ನ ಎರಡೂ ಪೆಡಲುಗಳನ್ನು ಕೊಂಡಿಯಿಂದ ಜೋಡಿಸತಕ್ಕದ್ದು. ಬಳಸಿದ ಟ್ರ್ಯಾಕ್ಟರಿನಲ್ಲಿ ಈ ಕೊಂಡಿ ಇದೆಯೇ ಎಂದು ಮೊದಲು ನೋಡಬೇಕು.

ಪ್ರಾಣಾಪಾಯದ ಸಂದರ್ಭಗಳು

ಸ್ಟಾರ್ಟರ್ ಮೋಟಾರಿನ ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಎಂಜಿನ್ ಚಾಲನೆ ಮಾಡುವ ಅಭ್ಯಾಸ ಹಳ್ಳಿಗಳಲ್ಲಿ ಕಂಡುಬರುತ್ತದೆ. ಆ ಸಮಯದಲ್ಲಿ ಟ್ರ್ಯಾಕ್ಟರು ಗೇರಿನಲ್ಲಿದ್ದರೆ, ಚಕ್ರದ ಪಕ್ಕದಲ್ಲಿ ನಿಂತವರ ಮೇಲೆಯೇ ಅದು ಹರಿಯುತ್ತದೆ. ಕೀಲಿಯಿಂದ ಚಾಲನೆಯಾಗದಿದ್ದಲ್ಲಿ ವೈರಿಂಗ್ ದೋಷವನ್ನು ಸರಿಪಡಿಸಬೇಕೇ ವಿನಾ ಈ ಅಡ್ಡದಾರಿ ಹಿಡಿಯಬಾರದು. ವೈರಿಂಗ್ ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು.

ಜಾಕ್ ಮೇಲೆ ಎತ್ತಿದ ಟ್ರ್ಯಾಕ್ಟರಿನ ಕೆಳಗೆ, ಗಟ್ಟಿಯಾದ ಸ್ಟ್ಯಾಂಡ್ ಕೊಡದೆ ಹೋಗಬಾರದು. ಕಲ್ಲು, ಇಟ್ಟಿಗೆಗಳ ರಾಶಿ ಸ್ಟ್ಯಾಂಡಿಗೆ ಬದಲಿಯಲ್ಲ. ಮುಂದಿನ ಅಚ್ಚು ನಡುವಿನ ಕೀಲಿನ ಮೇಲೆ ಓಲಾಡುವಂತಿರುವುದರಿಂದ, ಮುಂಭಾಗವನ್ನು ಎತ್ತುವಾಗ ಅಚ್ಚು ಮತ್ತು ಚೌಕಟ್ಟಿನ ನಡುವೆ ಎರಡೂ ಬದಿಗೆ ಮರದ ಬೆಣೆ ನೀಡಬೇಕು. ರೋಟವೇಟರ್ ಮುಂತಾದ ಉಪಕರಣಗಳನ್ನು ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಕೀಲಿ ತೆಗೆದಿಟ್ಟುಕೊಂಡ ನಂತರವೇ ಹಿಂಭಾಗದ ಕೆಲಸ ಆರಂಭಿಸಬೇಕು.

ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ಅಂಚು, ಸೀರೆಯ ಸೆರಗು ಅಥವಾ ಹೆಗಲ ಮೇಲಿನ ಟವೆಲ್ ಸಿಕ್ಕಿಕೊಂಡಲ್ಲಿ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಬಳಸಿದ ಟ್ರ್ಯಾಕ್ಟರುಗಳಲ್ಲಿ ಇದರ ರಕ್ಷಾ ಕವಚ ಕಳೆದುಹೋಗಿರುವುದುಂಟು. ಬಣ್ಣಕ್ಕೆ ಮತ್ತು ಹೊಸ ಸೀಟಿಗೆ ಹಣ ವ್ಯಯಿಸುವ ಮೊದಲು ಕವಚವನ್ನು ಹಾಕಿಸತಕ್ಕದ್ದು.

ವರ್ಕ್‌ಶಾಪಿಗೆ ಒಪ್ಪಿಸಬೇಕಾದ ಕೆಲಸಗಳು

ಇಂಧನ ಪಂಪಿನ ಹೊಂದಾಣಿಕೆ ಹಾಗೂ ನಾಝಲ್ ಒತ್ತಡದ ಪರೀಕ್ಷೆಗೆ ವಿಶೇಷ ಯಂತ್ರ ಬೇಕು. ಪಂಪಿನ ಸೀಲ್ ಒಡೆದು ಕೈಹಾಕಿದಲ್ಲಿ ಖರ್ಚು ಹೆಚ್ಚುವುದು. ಕ್ಲಚ್ ಪ್ಲೇಟ್ ಬದಲಾಯಿಸಲು ಸಾಮಾನ್ಯವಾಗಿ ಟ್ರ್ಯಾಕ್ಟರನ್ನು ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಎರಡು ಭಾಗವಾಗಿ ಬೇರ್ಪಡಿಸಬೇಕಾಗುವುದರಿಂದ, ಎತ್ತುವ ಸಾಧನಗಳಿಲ್ಲದ ಮನೆಯಂಗಳದಲ್ಲಿ ಅದು ಸಾಧುವಲ್ಲ. ಬಿರುಕು ಬಿಟ್ಟ ಮುಂದಿನ ಅಚ್ಚು ಅಥವಾ ಸ್ಟೀರಿಂಗ್ ಭಾಗಗಳಿಗೆ ಬೆಸುಗೆ ಹಾಕಿಸದೆ ಹೊಸ ಭಾಗವನ್ನೇ ಜೋಡಿಸಬೇಕು.

ತರಬೇತಿ ಮತ್ತು ಇತರೆ ವಿಷಯಗಳು

ಟ್ರ್ಯಾಕ್ಟರ್ ಚಾಲನೆ, ನಿರ್ವಹಣೆ ಮತ್ತು ದುರಸ್ತಿಯನ್ನು ಕ್ರಮಬದ್ಧವಾಗಿ ಕಲಿಯಲಿಚ್ಛಿಸುವವರು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ, ಕೇಂದ್ರ ಸರ್ಕಾರದ ದಕ್ಷಿಣ ವಲಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗೆ ಅರ್ಜಿ ಸಲ್ಲಿಸಬಹುದು. ಬಳ್ಳಾರಿ, ತುಮಕೂರು, ಚಿತ್ರದುರ್ಗ ಜಿಲ್ಲೆಗಳ ರೈತರಿಗೆ ಇದು ಸಮೀಪವಾಗುತ್ತದೆ.

ದುರಸ್ತಿಯಾದ ಟ್ರ್ಯಾಕ್ಟರನ್ನು ಪರೀಕ್ಷಾರ್ಥವಾಗಿ ರಸ್ತೆಯಲ್ಲಿ ಓಡಿಸುವಾಗಲೂ ಊರ್ಜಿತ ನೋಂದಣಿ, ಮೂರನೇ ವ್ಯಕ್ತಿಯ ವಿಮೆ ಮತ್ತು ಚಾಲನಾ ಪರವಾನಗಿ ಇರತಕ್ಕದ್ದು. ಹಿಂದಿನ ಮಾಲೀಕರ ಹೆಸರಿನಲ್ಲಿರುವ ವಿಮೆಯನ್ನು ಖರೀದಿದಾರರ ಹೆಸರಿಗೆ ವರ್ಗಾಯಿಸಿಕೊಳ್ಳಲು ವಿಮಾ ಕಂಪನಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.