ಕಾವೇರಿಯ ಬಿಳಿಮೀನು: ನಾಮವೂ ರಕ್ಷಣೆಯೂ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವಾದುದೆಂದು ಮೀಮಾಂಸಕರೂ, ಸಂಕೇತದಿಂದ ಏರ್ಪಟ್ಟುದೆಂದು ನೈಯಾಯಿಕರೂ ವಾದಿಸಿರುವುದು ವಿದ್ವಾಂಸರಿಗೆ ವಿದಿತವಾಗಿಯೇ ಇದೆ. ಈ ವಾದವು ಪಾಠಶಾಲೆಗಳಲ್ಲಿ ಮಾತ್ರವೇ ನಡೆಯತಕ್ಕುದೆಂದು ಭಾವಿಸುವವರು ಕಾವೇರಿಯ ಬಿಳಿಮೀನಿನ ಚರಿತ್ರೆಯನ್ನು ಪರಿಶೀಲಿಸಬೇಕು. ಸರಿಯಾದ ಸಂಕೇತವಿಲ್ಲದ ಕಾರಣ, ಲೋಕಪ್ರಸಿದ್ಧವಾದ ಒಂದು ಜಲಚರವು ರಕ್ಷಣೀಯವಾದುವುಗಳ ಪಟ್ಟಿಗೆ ಸೇರದೆಯೇ ವಿನಾಶದ ಸಮೀಪಕ್ಕೆ ಬಂದ ಸಂಗತಿಯು ಅದರಲ್ಲಿ ಕಂಡುಬರುತ್ತದೆ.

ಕಾವೇರೀ ತೀರದವರು ಬಿಳಿಮೀನೆಂದು ಕರೆಯುವ ಜಾತಿಗೆ ಉತ್ತರದೇಶದಲ್ಲಿ ಮಹಸೀರ್ ಎಂದು ಹೆಸರು. ಇದು ‘ಮಹಾಶಿರಸ್’ ಎಂಬುದರ ತದ್ಭವವೆಂದು ಕೆಲವರೂ, ‘ಮಹಾಶಲ್ಕ’ ಎಂಬುದರ ವಿಕಾರವೆಂದು ಕೆಲವರೂ ಹೇಳುವರು. ಎರಡನೆಯ ಶಬ್ದವು ಮನುಸ್ಮೃತಿಯ ಮೂರನೆಯ ಅಧ್ಯಾಯದ ಶ್ರಾದ್ಧಪ್ರಕರಣದಲ್ಲಿ ಬಂದಿದೆ. ಈ ಮೀನಿನ ಪರೆಗಳು ಬಹು ದೊಡ್ಡವಾಗಿರುವುದರಿಂದ ಆ ಹೆಸರು ಇದಕ್ಕೆ ಒಪ್ಪುವುದೇನೋ ನಿಜ. ಆದರೆ ಯೋಗಾರ್ಥವು ಹೊಂದಿದ ಮಾತ್ರದಿಂದ ಸ್ಮೃತಿಕಾರನ ವಿವಕ್ಷೆಯು ಸಿದ್ಧಿಸಲಾರದು.

ಇದಕ್ಕಿಂತಲೂ ಬಲವಾದ ಆಧಾರವು ಕರ್ಣಾಟಕದಲ್ಲಿಯೇ ಹುಟ್ಟಿದ ಗ್ರಂಥದಲ್ಲಿದೆ. ಕಲ್ಯಾಣದ ಚಾಳುಕ್ಯಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಶಕವರ್ಷ ೧೦೫೧ರಲ್ಲಿ, ಎಂದರೆ ಕ್ರಿ. ಶ. ೧೧೨೯ರ ಸುಮಾರಿನಲ್ಲಿ, ರಚಿಸಿದ ಮಾನಸೋಲ್ಲಾಸದ ನಾಲ್ಕನೆಯ ವಿಂಶತಿಯಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವಿದೆ. ಅಭಿಲಷಿತಾರ್ಥಚಿಂತಾಮಣಿಯೆಂಬ ನಾಮಾಂತರದಿಂದ ಈ ಗ್ರಂಥದ ಪ್ರಥಮ ಭಾಗವನ್ನು ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಮೈಸೂರಿನಿಂದ ಪ್ರಕಟಿಸಿದರು. ಸಮುದ್ರದ ಮೀನು, ನದಿಯ ಮೀನು, ಪರೆಯುಳ್ಳುದು, ಪರೆಯಿಲ್ಲದುದು ಎಂಬ ವಿಭಾಗವೂ, ಗಾಳದ ಕೋಲು, ದಾರ, ಎರೆ ಇವುಗಳ ವಿಚಾರವೂ ಮತ್ಸ್ಯವಿನೋದದಲ್ಲಿ ಅಡಕವಾಗಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಇದನ್ನು ವಿಮರ್ಶಿಸಿ ಇದರ ಮಹತ್ತ್ವವನ್ನು ತೋರಿಸಿಕೊಟ್ಟರು. ರೂಪವನ್ನು ನೋಡಿ ವರ್ಗಮಾಡುವ ಕ್ರಮವು ಈ ನಾಡಿಗೆ ಹೊಸತಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಿಳಿಮೀನುಗಳಲ್ಲಿ ಬೆನ್ನು ಗೂನಾಗಿ ಎದ್ದಿರುವ, ಕಿತ್ತಳೆಬಣ್ಣದ ರೆಕ್ಕೆಗಳುಳ್ಳ ಒಂದು ಜಾತಿಯು ಕಾವೇರಿಗೂ ಅದರ ಉಪನದಿಗಳಿಗೂ ಮಾತ್ರ ಸೇರಿದುದು. ಅದರ ಗಾತ್ರದಿಂದ ಮೈಸೂರಿಗೆ ದೇಶಾಂತರಗಳಲ್ಲಿಯೂ ಕೀರ್ತಿ ಬಂದಿತು. ೧೯೧೯ರಲ್ಲಿ ರಿವೆಟ್ ಕಾರ್ನಕ್ ಎಂಬ ಸೇನಾಧಿಕಾರಿಯು ಕಾವೇರಿಯಲ್ಲಿ ೧೧೯ ಪೌಂಡಿನ ಮೀನನ್ನು ಹಿಡಿದನು. ೧೯೪೬ರಲ್ಲಿ, ಮೃಗಚರ್ಮಗಳನ್ನು ಹದಮಾಡಿ ತುಂಬುವ ಕೆಲಸದಲ್ಲಿ ಹೆಸರಾಗಿದ್ದ ಮೈಸೂರು ನಗರದ ವ್ಯಾನ್ ಇಂಗೆನ್ ಮನೆತನದ ಡಿವೆಟ್ ವ್ಯಾನ್ ಇಂಗೆನ್ ಎಂಬುವರು ಕಪಿಲೆಯಲ್ಲಿ ೧೨೦ ಪೌಂಡಿನದನ್ನು ಹಿಡಿದರು.

ಇಷ್ಟು ಖ್ಯಾತವಾದ ಮೀನಿಗೆ ಶಾಸ್ತ್ರೀಯವಾದ ಹೆಸರು ಮಾತ್ರ ಸ್ಥಿರವಾಗಿರಲಿಲ್ಲ. ೧೮೩೯ರಲ್ಲಿ ಸೈಕ್ಸ್ ಎಂಬುವನು ದಖ್ಖನದ ಮೀನೊಂದಕ್ಕೆ ಕೊಟ್ಟ ‘ಮುಸ್ಸುಲ್ಲ’ ಎಂಬ ನಾಮವನ್ನು ಬಹುಕಾಲ ಇದಕ್ಕೂ ಹಚ್ಚಿದ್ದರು. ಅದು ಬೇರೊಂದು ಗಣಕ್ಕೆ ಸೇರಿದ ಮೀನೆಂದು ತರುವಾಯ ನಿರ್ಣಯವಾದುದರಿಂದ ಕಾವೇರಿಯ ಮೀನು ಅನಾಮಧೇಯವಾಗಿ ಉಳಿಯಿತು. ಹೆಸರಿಲ್ಲದುದರ ಸ್ಥಿತಿಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಇಷ್ಟರಲ್ಲಿ ಮತ್ತೊಂದು ವಿಪತ್ತು ಒದಗಿತ್ತು. ಬಿಳಿಮೀನುಗಳು ಕಡಿಮೆಯಾದುವೆಂದು, ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ‘ಖುದ್ರಿ’ ಜಾತಿಯನ್ನು ಕಾವೇರಿಗೆ ತಂದು ಬಿಟ್ಟರು. ಉದ್ದೇಶವು ರಕ್ಷಣೆಯೇ, ಆದರೆ ಜಾತಿಭೇದವನ್ನು ಗಣಿಸಲಿಲ್ಲ. ಹಿಡಿದು ಮರಳಿ ನದಿಗೆ ಬಿಡುತ್ತಿದ್ದ ಗಾಳಗಾರರು ೧೯೯೮ರಿಂದ ೨೦೧೨ರ ವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದರು. ೨೩,೬೨೦ ಗಂಟೆಗಳ ಪ್ರಯತ್ನದಲ್ಲಿ ೬,೧೬೧ ಮೀನುಗಳು ದೊರೆತಿದ್ದುವು. ವರ್ಷದಿಂದ ವರ್ಷಕ್ಕೆ ಸಂಖ್ಯೆಯು ಹೆಚ್ಚಿ, ಸರಾಸರಿ ತೂಕವು ಇಳಿದಿತ್ತು. ಮೇಲೆ ನೋಡಿದವರಿಗೆ ವೃದ್ಧಿಯೆಂದು ತೋರಿದ್ದು ಪರದೇಶದ ಜಾತಿಯ ವೃದ್ಧಿ. ನದಿಯ ಸ್ವಂತ ಜಾತಿಯು ಕ್ಷಯಿಸುತ್ತಲಿತ್ತು. ಮೋಜಿಗಾರರೆಂದು ಉಪೇಕ್ಷಿಸಬಹುದಾಗಿದ್ದವರ ಲೆಕ್ಕದ ಪುಸ್ತಕವೇ ಇಲ್ಲಿ ಶಾಸನದಂತೆ ಪ್ರಮಾಣವಾಯಿತು.

ಇದೇ ಸಂಶೋಧಕರು ಸಹಾಧ್ಯಾಯಿಗಳೊಡನೆ, ಕಾವೇರಿಯ ಪರಿವಾರಕ್ಕೇ ಸೇರಿದ ಮೋಯಾರ್ ನದಿಯಲ್ಲಿ ದೊರೆತ ಮೀನುಗಳ ಅಂಗಲಕ್ಷಣಗಳನ್ನೂ ಅನುವಂಶೀಯ ಲಕ್ಷಣಗಳನ್ನೂ ಹೋಲಿಸಿ, ೨೦೧೮ರಲ್ಲಿ ನಾಮನಿರ್ಣಯಮಾಡಿದರು. ಕೇರಳದ ಪಾಂಬಾರ್ ನದಿಯ ಮೀನಿಗೆ ಹಿಂದೆಯೇ ಇಟ್ಟಿದ್ದ ‘ಟಾರ್ ರೆಮಾದೇವಿಐ’ ಎಂಬುದೇ ಇದರ ಹೆಸರೆಂದು ಸಿದ್ಧವಾಯಿತು. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುವುದರಿಂದ ಇದು ಯುಕ್ತವೂ ಆಗಿದೆ. ಉತ್ತರಪದವು ಲ್ಯಾಟಿನ್ ಭಾಷೆಯ ಷಷ್ಠೀವಿಭಕ್ತಿ. ಮತ್ಸ್ಯತಜ್ಞೆ ರೆಮಾದೇವಿಯವರ ಗೌರವಾರ್ಥವಾಗಿ ಇಟ್ಟುದು. ಆ ವರ್ಷವೇ ಅಂತಾರಾಷ್ಟ್ರೀಯ ಪ್ರಕೃತಿಸಂರಕ್ಷಣ ಸಂಘವು ಇದನ್ನು ತೀವ್ರ ವಿಪತ್ತಿಗೊಳಗಾದ ಜಾತಿಗಳ ಪಟ್ಟಿಗೆ ಸೇರಿಸಿತು.

ದೂರದ ಶಾಂತಸಾಗರದ ಓರ್ಕಾ ತಿಮಿಂಗಿಲಗಳ ವಿಷಯದಲ್ಲಿಯೂ ಕ್ರಮವು ಇಂಥದೇ. ಬೆನ್ನಿನ ರೆಕ್ಕೆಯ ಗುರುತಿನಿಂದ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ, ೧೯೭೬ರಿಂದ ಎಣಿಸುತ್ತ ಬಂದುದರಿಂದಲೇ ಅಲ್ಲಿಯ ದಕ್ಷಿಣದ ಗುಂಪಿನ ಕ್ಷಯವು ಸ್ಪಷ್ಟವಾಗಿ, ೨೦೦೫ರಲ್ಲಿ ಅಮೆರಿಕದ ಕಾನೂನಿನ ಆಶ್ರಯವು ದೊರೆಯಿತು.

ಕಾವೇರೀ ತೀರದ ರಾಮನಾಥಪುರದಲ್ಲಿಯೂ ತುಂಗೆಯ ದಡದ ಶೃಂಗೇರಿಯಲ್ಲಿಯೂ ದೇವರ ಮೀನುಗಳೆಂದು ಜನರು ಮೀನುಗಳನ್ನು ಕಾಯ್ದುಕೊಂಡು ಬಂದಿರುವರು. ಈ ಭಕ್ತಿಯು ಶ್ಲಾಘ್ಯವಾದುದು. ಆದರೆ ಗೂನುಬೆನ್ನಿನ ಬಿಳಿಮೀನು ಉಳಿಯಬೇಕಾದರೆ ಭಕ್ತಿಯೊಡನೆ ವಿವೇಕವೂ ಬೇಕು: ಯಾವ ನದಿಯ ಮರಿಯನ್ನು ಯಾವ ನದಿಗೆ ಬಿಡತಕ್ಕುದೆಂಬ ವಿವೇಕ, ಹರಿವನ್ನು ಕಡಿಯದೆ ಮೊಟ್ಟೆಯಿಡುವ ಸ್ಥಳಗಳನ್ನು ಕಾಯುವ ವಿವೇಕ. ಅಶುದ್ಧ ಪಾಠವನ್ನು ಮೂಲಗ್ರಂಥಕ್ಕೆ ಸೇರಿಸಿದರೆ ಗ್ರಂಥವು ಬೆಳೆದಂತೆ ಕಾಣುವುದೇ ಹೊರತು ಮೂಲವು ಉಳಿಯುವುದಿಲ್ಲ. ಅಶುದ್ಧ ಪಾಠವನ್ನು ಮತ್ತೊಂದು ಪ್ರತಿಯಿಂದ ತಿದ್ದಬಹುದು. ಈ ಮೀನಿಗೆ ಕಾವೇರಿಯ ಪರಿವಾರದ ಹೊರಗೆ ಮತ್ತೊಂದು ಪ್ರತಿಯಿಲ್ಲ.