ಬೆತ್ತ ಯಾರ ಕೈಯಲ್ಲಿ?

ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ದುಡಿಯುವ ನಾವು ಆಗಾಗ ನಿರುಪಯುಕ್ತ ವಸ್ತುಗಳ ಪಟ್ಟಿಯೊಂದನ್ನು ಸಿದ್ಧಪಡಿಸಬೇಕಾಗುತ್ತದೆ. ನಾವು ಸೇವೆಗೆ ಸೇರಿದ ಕಾಲದಲ್ಲಿ ಆ ಪಟ್ಟಿಯ ತುಂಬ ಬೆತ್ತದ ಕುರ್ಚಿಗಳೇ ಇರುತ್ತಿದ್ದವು. ಈಗ ಪಟ್ಟಿಗೆ ಸೇರಿಸಲೂ ಒಂದು ಉಳಿದಿಲ್ಲ. ಅವುಗಳ ಆಸನ ಹರಿದಾಗ ಮತ್ತೆ ಹೆಣೆದುಕೊಡುವವರಿದ್ದರು. ದೃಷ್ಟಿಹೀನರಿಗೆ ಈ ಹೆಣಿಗೆಯನ್ನು ಕಲಿಸುವ ಪದ್ಧತಿ ದೇಶದ ಅನೇಕ ಸಂಸ್ಥೆಗಳಲ್ಲಿ ಬಹುಕಾಲ ನಡೆದುಬಂದಿತ್ತು. ಬೆರಳ ತುದಿಯಿಂದಲೇ ಎಳೆಗಳನ್ನು ಎಣಿಸಿ ಅವರು ಹೆಣೆಯುತ್ತಿದ್ದ ಎಂಟು ಮೂಲೆಯ ಕಂಡಿಗಳನ್ನು ಹಿರಿಯ ನೌಕರರು ಇನ್ನೂ ಮರೆತಿಲ್ಲ.

'ಬೆತ್ತ'ವು ಸಂಸ್ಕೃತದ 'ವೇತ್ರ'ದಿಂದ ಬಂದ ಪದ. ಅರಮನೆಯ ಬಾಗಿಲಲ್ಲಿ ಅದನ್ನು ಹಿಡಿದು ನಿಂತವನು ವೇತ್ರಧಾರಿ. ಕಾಳಿದಾಸನ 'ಅಭಿಜ್ಞಾನ ಶಾಕುಂತಲ'ದಲ್ಲಿ ದುಷ್ಯಂತನ ದ್ವಾರಪಾಲಿಕೆಯ ಹೆಸರು ವೇತ್ರವತಿ. ಅದೇ ಹೆಸರಿನ ನದಿ ಇಂದಿನ ಬೇತ್ವಾ. ರಜೆಗೆ ಊರಿಗೆ ಹೊರಟ ನಮ್ಮ ರೈಲು ಝಾನ್ಸಿ, ಭೋಪಾಲಗಳ ನಡುವೆ ದಾಟುವ ನದಿ. ಬಾಲ್ಯದಲ್ಲಿ ಮೇಷ್ಟರ ಕೈಯಿಂದ ನಾವು ರುಚಿ ಕಂಡದ್ದೂ ಈ ವೇತ್ರವನ್ನೇ. ಅಧಿಕಾರದ ಕೈಯಲ್ಲಿದ್ದ ಬೆತ್ತವನ್ನು ಭಾಷೆ ನೆನಪಿಟ್ಟುಕೊಂಡಿದೆ. ಕಾಡಿನಲ್ಲಿ ಮುಳ್ಳು ಸವರಿ ಅದನ್ನು ಎಳೆದು ತಂದ ಕೈಗೆ ಅಂಥ ಹೆಸರು ದೊರೆಯಲಿಲ್ಲ.

ಬಿದಿರು ಹುಲ್ಲಿನ ಕುಲದ್ದು, ಒಳಗೆ ಟೊಳ್ಳು. ಬೆತ್ತವು ತೆಂಗು, ಅಡಕೆಗಳ ದಾಯಾದಿ, ಒಳಗೂ ಗಟ್ಟಿ. ಮುಳ್ಳುಕೊಕ್ಕೆಗಳಿಂದ ಮರವನ್ನು ಹಿಡಿದು ಬೆಳಕಿನತ್ತ ಏರುವ ಈ ಬಳ್ಳಿ ಕೆಲವು ಪ್ರಭೇದಗಳಲ್ಲಿ 100 ಮೀಟರ್ ಉದ್ದವನ್ನೂ ಮೀರುತ್ತದೆ. ಏರಲು ಮರವಿಲ್ಲದ ಕಡೆ ಬೆತ್ತವೂ ಇಲ್ಲ. ಬಹುಪಾಲು ಬೆತ್ತಗಳಲ್ಲಿ ಗಂಡುಬಳ್ಳಿ, ಹೆಣ್ಣುಬಳ್ಳಿಗಳು ಬೇರೆಬೇರೆ. ಹೂಬಿಡುವ ಮೊದಲೇ ಕಡಿಯುತ್ತ ಹೋದರೆ ಬೀಜ ಕಟ್ಟುವುದಿಲ್ಲ. ಒಂಟಿಕಾಂಡದ ಪ್ರಭೇದವಾದರೆ ಕಡಿದಲ್ಲಿಗೇ ಅದರ ಆಯುಸ್ಸು ಮುಗಿಯಿತು.

17ನೆಯ ಶತಮಾನದ ಉತ್ತರಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದಿಂದ ಆಗ್ನೇಯ ಏಷ್ಯಾದ ಬೆತ್ತ ಲಂಡನ್ನಿಗೆ ಹರಿದು, ಬೆತ್ತದ ಕುರ್ಚಿ ಅಲ್ಲಿ ಬಳಕೆಗೆ ಬಂದಿತು. ಅಂಥ ಗಾಳಿಯಾಡುವ ಆಸನ ವಸಾಹತು ಕಾಲದಲ್ಲಿ ನಮ್ಮ ಬಂಗಲೆ, ಕಚೇರಿಗಳಲ್ಲೂ ನೆಲೆಯೂರಿತು. ಬೇಡಿಕೆ ಬೆಳೆದಂತೆ ಬೋರ್ನಿಯೊ ದ್ವೀಪದ ದಯಾಕ್ ರೈತರು ಬೆತ್ತವನ್ನು ಬೇಸಾಯಕ್ಕೆ ತಂದರು. ನಮ್ಮ ಮಲೆನಾಡಿನ ಕುಮರಿಯಂಥ ಹೊಲದಲ್ಲಿ ಭತ್ತದ ಜೊತೆಗೆ ಬೆತ್ತದ ಸಸಿ ನೆಟ್ಟು, ಭತ್ತ ಕೊಯ್ದ ಮೇಲೆ ಭೂಮಿಯನ್ನು ಕಾಡಾಗಲು ಬಿಡುವರು. ಮೇಲೆದ್ದ ಮರಗಳನ್ನು ಬೆತ್ತ ಏರುವುದು. ವರ್ಷಗಳ ಬಳಿಕ ಬಲಿತ ಕಾಂಡವನ್ನಷ್ಟೇ ತೆಗೆದರೆ ಬುಡದಲ್ಲಿ ಹೊಸ ಕುಡಿ ಬರುವುದು. ತಮ್ಮದೇ ಬೆಳೆಯಾದುದರಿಂದ ಅವರು ಕಾಯಬಲ್ಲವರಾದರು.

ಪಶ್ಚಿಮ ಘಟ್ಟದ ಚರಿತ್ರೆ ಬೇರೆ ದಾರಿ ಹಿಡಿಯಿತು. 19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಕುಮರಿಗೆ ನಿರ್ಬಂಧ ಹೇರಿತು. ಕಾಡು ಸರ್ಕಾರದ್ದಾಯಿತು, ಕಾಡುತ್ಪತ್ತಿ ಗುತ್ತಿಗೆಯ ವಸ್ತುವಾಯಿತು. ಗುತ್ತಿಗೆದಾರನಿಗಾಗಿ ಕೂಲಿಗೆ ಕಡಿಯುವವನು ಹಣ್ಣಾಗುವವರೆಗೆ ಏಕೆ ಕಾದಾನು? ತಾನು ಬಿಟ್ಟ ಬಳ್ಳಿಯನ್ನು ನಾಳೆ ಇನ್ನೊಬ್ಬನು ಕಡಿಯುತ್ತಾನೆಂದು ಅವನಿಗೆ ಗೊತ್ತು.

ಆದರೂ ಬೆತ್ತದ ಅರಿವು ಆ ಜನರಲ್ಲೇ ಇತ್ತು. ಹಂದಿಬೆತ್ತ, ನಾಗಬೆತ್ತ ಎಂದು ಅವರು ಬಗೆಗಳನ್ನು ಹೆಸರಿಟ್ಟು ಗುರುತಿಸುತ್ತಿದ್ದರು. 1970ರಲ್ಲಿ ಸಸ್ಯವಿಜ್ಞಾನಿಗಳು ನಾಗಬೆತ್ತವನ್ನು ಹೊಸ ಪ್ರಭೇದವೆಂದು ವರ್ಣಿಸಿದಾಗ ಕನ್ನಡದ ಹೆಸರನ್ನೇ ಲ್ಯಾಟಿನ್ನಿಗೆ ಒಯ್ದು 'ಕೆಲಾಮಸ್ ನಾಗ್‌ಬೆಟ್ಟೈ' ಎಂದರು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಸಿ. ರೇಣುಕಾ ಅವರು ಘಟ್ಟದ ಬೆತ್ತಗಳನ್ನೆಲ್ಲ ಗುರುತಿಸುವ ಕೈಪಿಡಿಯನ್ನು 1992ರಲ್ಲಿ ಪ್ರಕಟಿಸಿದರು.

ಕಡತಗಳ ನಡುವೆ ಬದುಕುವ ನಮಗೆ ಇನ್ನೊಂದು ವಿಷಯ ಮುಖ್ಯವೆನಿಸುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಕಿರು ಅರಣ್ಯ ಉತ್ಪನ್ನಗಳ ಸಾಲಿನಲ್ಲಿ ಬೆತ್ತವನ್ನು ಹೆಸರಿಸಿಯೇ ಸೇರಿಸಿದೆ. ಪರಂಪರೆಯಿಂದ ಅದನ್ನು ಸಂಗ್ರಹಿಸುತ್ತ ಬಂದ ಅರಣ್ಯವಾಸಿಗಳಿಗೆ ಅದರ ಒಡೆತನವನ್ನೂ ಕಾಡನ್ನು ಕಾಯುವ ಹೊಣೆಯನ್ನೂ ಒಟ್ಟಿಗೆ ಕೊಟ್ಟಿದೆ. ಬೆತ್ತ ನೆಡುವುದಕ್ಕೆ, ಬೀಜದ ಬಳ್ಳಿಗಳನ್ನು ಕಡಿಯದೆ ಬಿಡುವುದಕ್ಕೆ ವರ್ಷಗಳ ಭರವಸೆ ಬೇಕು. ಆ ಭರವಸೆ ಘಟ್ಟದ ಊರುಗಳಿಗೆ ಕಾಗದದಾಚೆಗೂ ತಲುಪಿದರೆ, ನಾಗಬೆತ್ತ ಹಣ್ಣಾಗುವವರೆಗೆ ಕಾಯುವವರು ಅಲ್ಲಿ ಇದ್ದಾರೆ.