ಝೀ ಹಾರರ್ ಶೋ ನೆನಪಿದೆಯಾ? ಗ್ರಾಂಟ್ ರೋಡ್‌ನ ರೇಡಿಯೋ ಅಂಗಡಿಯಿಂದ ಬಂದ ಟಿವಿ ದೆವ್ವಗಳು, ಅವನ್ನು ಉಳಿಸಿಕೊಂಡ ಅಭಿಮಾನಿಗಳು

ವೆಬ್ ಸರಣಿಯೊಂದು ಬಿಡುಗಡೆಯಾದ ಮರುದಿನ ಬೆಳಗ್ಗೆಯೇ ಅದರ ವಿಮರ್ಶೆ ನಮ್ಮ ಮೊಬೈಲ್‌ಗೆ ಬಂದು ಬೀಳುವ ಕಾಲವಿದು. ಆದರೆ 1990ರ ದಶಕದಲ್ಲಿ ಹಾರರ್ ಮತ್ತು ಸೈನ್ಸ್ ಫಿಕ್ಷನ್ ಧಾರಾವಾಹಿಗಳನ್ನು ಗಂಭೀರವಾಗಿ ನೋಡಿದ ವಿಮರ್ಶಕರು ಕಡಿಮೆ. 'ಬಿ ಗ್ರೇಡ್ ಸರಕು' ಎಂದು ಪಕ್ಕಕ್ಕೆ ಸರಿಸಿದವರೇ ಹೆಚ್ಚು. ಅವುಗಳ ಬಗ್ಗೆ ಮಾತನಾಡಿದವರು, ಜಗಳವಾಡಿದವರು, ಇಂದಿಗೂ ನೆನಪಿಟ್ಟವರು ಅಭಿಮಾನಿಗಳು ಮಾತ್ರ.

ಈ ಕಥೆಯ ಒಂದು ತುದಿ ಮುಂಬೈನ ಗ್ರಾಂಟ್ ರೋಡ್‌ನಲ್ಲಿದೆ. ಅದು ಹೇಗೆ? ಇಲ್ಲಿದೆ ವಿವರ.

ಲ್ಯಾಮಿಂಗ್ಟನ್ ರಸ್ತೆಯ ರಾಮ್ಸೆ ಕುಟುಂಬ

ಪಶ್ಚಿಮ ರೈಲ್ವೆಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಲ್ಯಾಮಿಂಗ್ಟನ್ ರಸ್ತೆ ಸಿಗುತ್ತದೆ. ಇದರ ಅಧಿಕೃತ ಹೆಸರು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಗೆ ಇದು ದೇಶಕ್ಕೇ ಹೆಸರುವಾಸಿ. ಸಿನಿಮಾ ವಿತರಕರ ಕಚೇರಿಗಳಿದ್ದ ನಾಜ್ ಕಟ್ಟಡ, 'ಶೋಲೆ' ವರ್ಷಗಟ್ಟಲೆ ಓಡಿದ ಮಿನರ್ವಾ ಚಿತ್ರಮಂದಿರ ಇದ್ದದ್ದೂ ಇದೇ ರಸ್ತೆಯಲ್ಲಿ.

ದೇಶ ವಿಭಜನೆಯ ನಂತರ ಕರಾಚಿಯಿಂದ ಬಂದ ಫತೇಚಂದ್ ಯು. ರಾಮ್ಸೆ ಇಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟರು. ಅವರ ಮೂಲ ಹೆಸರು ರಾಮ್‌ಸಿಂಘಾನಿ. ಕರಾಚಿಯ ರೇಡಿಯೋ ಅಂಗಡಿಗೆ ಬರುತ್ತಿದ್ದ ಬ್ರಿಟಿಷ್ ಗ್ರಾಹಕರ ಬಾಯಲ್ಲಿ ಅದು 'ರಾಮ್ಸೆ' ಆಯಿತು.

ಪ್ರೇಕ್ಷಕರನ್ನು ಗಮನಿಸಿದ ಸಹೋದರರು

1970ರಲ್ಲಿ ಫತೇಚಂದ್ ನಿರ್ಮಿಸಿದ 'ಏಕ್ ನನ್ಹೀ ಮುನ್ನಿ ಲಡ್ಕಿ ಥಿ' ಚಿತ್ರ ಸೋತಿತು. ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಾನಕ ಮುಖವಾಡ ಹಾಕಿಕೊಂಡು ಕಳ್ಳತನಕ್ಕೆ ಬರುವ ಒಂದು ದೃಶ್ಯವಿತ್ತು. ಚಿತ್ರ ಇಷ್ಟವಾಗದವರೂ ಆ ದೃಶ್ಯಕ್ಕಾಗಿ ಟಾಕೀಸಿಗೆ ಬರುತ್ತಿದ್ದುದನ್ನು ಮಕ್ಕಳಾದ ತುಳಸಿ ಮತ್ತು ಶ್ಯಾಮ್ ಗಮನಿಸಿದರು. ಹಾಗಾದರೆ ಪೂರ್ತಿ ಹೆದರಿಸುವ ಸಿನಿಮಾವನ್ನೇ ಯಾಕೆ ಮಾಡಬಾರದು ಎಂದು ಅಪ್ಪನನ್ನು ಕೇಳಿದರು.

ಫಲವಾಗಿ 1972ರಲ್ಲಿ 'ದೋ ಗಜ್ ಜಮೀನ್ ಕೆ ನೀಚೆ' ಬಂತು. ಮಹಾಬಲೇಶ್ವರದಲ್ಲಿ ಇಡೀ ಕುಟುಂಬವೇ ನಿಂತು ತೆಗೆದ ಕಡಿಮೆ ಬಜೆಟ್ಟಿನ ಚಿತ್ರವದು. ಏಳು ಸಹೋದರರು ಕೆಲಸ ಹಂಚಿಕೊಂಡಿದ್ದರು. ಕುಮಾರ್ ಬರವಣಿಗೆ, ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕಿರಣ್ ಧ್ವನಿ, ಅರ್ಜುನ್ ಸಂಕಲನ, ಕೇಶು ನಿರ್ಮಾಣದ ಹೊಣೆ. ಮುಂದೆ 'ಪುರಾನಾ ಮಂದಿರ್' (1984), 'ವೀರಾನಾ' (1988), 'ಬಂದ್ ದರ್ವಾಜಾ' (1990) ಬಂದವು.

ಸಿನಿಮಾದಿಂದ ಟಿವಿಗೆ

ಝೀ ಟಿವಿ ಪ್ರಸಾರ ಶುರುಮಾಡಿದ್ದು 1992ರ ಅಕ್ಟೋಬರ್‌ನಲ್ಲಿ. ಮರುವರ್ಷವೇ ರಾಮ್ಸೆ ಸಹೋದರರ 'ಝೀ ಹಾರರ್ ಶೋ' ಬಂತು. ಮೊದಲ ಕಥೆ 'ದಸ್ತಕ್'; ಪಂಕಜ್ ಧೀರ್ ಮತ್ತು ಅರ್ಚನಾ ಪೂರಣ್ ಸಿಂಗ್ ಮುಖ್ಯ ಪಾತ್ರಗಳಲ್ಲಿದ್ದರು.

ಒಂದು ಕಥೆಯನ್ನು ಹಲವು ವಾರ ಹಂಚುವುದು ಇಲ್ಲಿನ ತಂತ್ರ. ಬಾಗಿಲು ಅರ್ಧ ತೆರೆದಾಗ ಕಂತು ಮುಗಿಯುತ್ತಿತ್ತು. ಒಳಗೆ ಯಾರಿದ್ದಾರೆ ಎಂದು ತಿಳಿಯಲು ಒಂದು ವಾರ ಕಾಯಬೇಕು. ಆ ಏಳು ದಿನ ಶಾಲೆಯಲ್ಲಿ, ಕಚೇರಿಯಲ್ಲಿ, ವಠಾರದಲ್ಲಿ ಊಹೆಗಳ ಸುರಿಮಳೆ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅದೇ 'ಫ್ಯಾನ್ ಥಿಯರಿ'.

1995ರಲ್ಲಿ ಸೋನಿ ವಾಹಿನಿಯಲ್ಲಿ ಬಿ.ಪಿ. ಸಿಂಗ್ ಅವರ 'ಆಹಟ್' ಆರಂಭವಾಯಿತು. ಮುಂದೆ 'ಸಿಐಡಿ' ಧಾರಾವಾಹಿ ಮಾಡಿದವರೂ ಇವರೇ. ಅಲ್ಲಿಂದ ವೀಕ್ಷಕರು ಎರಡು ಗುಂಪಾದರು. ಮುಖವಾಡ, ಹಳೆಯ ಹವೇಲಿ, ಹೊಗೆ ಇಷ್ಟಪಡುವವರು ಒಂದು ಕಡೆ. ದೆವ್ವ ಕಾಣದೆ ಬರೀ ಸದ್ದೇ ಹೆದರಿಸಬೇಕು ಎನ್ನುವವರು ಇನ್ನೊಂದು ಕಡೆ. ಈ ವಾದ ಇನ್ನೂ ಮುಗಿದಿಲ್ಲ.

ಸೈನ್ಸ್ ಫಿಕ್ಷನ್ ಕಥೆಯೇನು?

1980ರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ 'ಸ್ಟಾರ್ ಟ್ರೆಕ್' ಒಂದು ತಲೆಮಾರಿಗೆ ಬಾಹ್ಯಾಕಾಶದ ರುಚಿ ಹತ್ತಿಸಿತು. ನಂತರ 'ಸ್ಪೇಸ್ ಸಿಟಿ ಸಿಗ್ಮಾ', 'ಇಂದ್ರಧನುಷ್' ಬಂದವು. 1998ರಲ್ಲಿ ಕೇತನ್ ಮೆಹ್ತಾ ಅವರ 'ಕ್ಯಾಪ್ಟನ್ ವ್ಯೋಮ್' ಮಿಲಿಂದ್ ಸೋಮನ್ ಅವರನ್ನು ಬಾಹ್ಯಾಕಾಶ ನೌಕೆ ಹತ್ತಿಸಿತು.

ಹಾರರ್‌ಗೆ ಒಂದು ಕತ್ತಲೆ ಕೋಣೆ, ಒಂದು ಕಿರುಚಾಟ ಸಾಕು. ಸೈನ್ಸ್ ಫಿಕ್ಷನ್‌ಗೆ ಹೊಸ ಲೋಕವನ್ನೇ ಕಟ್ಟಬೇಕು, ಅದಕ್ಕೆ ಹಣ ಬೇಕು. ಅಂದಿನ ಟಿವಿ ಬಜೆಟ್‌ನಲ್ಲಿ ಅದು ಕಷ್ಟ. ಹಾಗಾಗಿ ಅಭಿಮಾನಿಗಳು ರಟ್ಟಿನಂತೆ ಕಾಣುವ ಸೆಟ್ ನೋಡಿ ನಕ್ಕರೂ, ಹಿಂದಿರುವ ಕಲ್ಪನೆಗೆ ಅಂಕ ಕೊಟ್ಟರು.

ಕನ್ನಡಕ್ಕೆ ಬಂದದ್ದು ಮಾತಿನ ಮೂಲಕ

ಈ ಧಾರಾವಾಹಿಗಳು ಅಂದು ಕನ್ನಡದಲ್ಲಿ ಬರಲಿಲ್ಲ. ಕರ್ನಾಟಕದಲ್ಲಿ 1960ರ ದಶಕದಿಂದ ಡಬ್ಬಿಂಗ್‌ಗೆ ಅಘೋಷಿತ ನಿಷೇಧವಿತ್ತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಕೂಡ ಕನ್ನಡಕ್ಕೆ ಡಬ್ ಆಗಿ ಪ್ರಸಾರವಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಪರಿಸ್ಥಿತಿ ಬದಲಾಗತೊಡಗಿತು.

ಅಂದರೆ ಹಿಂದಿ ಅರ್ಧಂಬರ್ಧ ತಿಳಿಯುತ್ತಿದ್ದ ಮನೆಗಳಲ್ಲಿ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಬೇಕಿತ್ತು. ಅವರೇ ಅನುವಾದಕರು, ಅವರೇ ವಿಮರ್ಶಕರು. ಈಗ ಕನ್ನಡದ್ದೇ ಸರಣಿಗಳಿವೆ. ರಮೇಶ್ ಇಂದಿರಾ ನಿರ್ದೇಶನದ, ಖುಷಿ ರವಿ ನಟಿಸಿದ 'ಅಯ್ಯನ ಮನೆ' 2025ರಲ್ಲಿ ಝೀ5ನಲ್ಲಿ ಬಂತು. ಮನೆ, ಶಾಪ, ಸಾಲು ಸಾವುಗಳ ಈ ಕಥೆಯನ್ನು ಕನ್ನಡಿಗರು ಕನ್ನಡದಲ್ಲೇ ನೋಡಿ ಕನ್ನಡದಲ್ಲೇ ಚರ್ಚಿಸಬಹುದು.

ಗ್ರಾಂಟ್ ರೋಡ್‌ಗೆ ಇನ್ನೂ ಹಳೆಯ ಕನ್ನಡ ನಂಟು

ಗ್ರಾಂಟ್ ರೋಡ್ ಜನರನ್ನು ಸೇರಿಸಿದ್ದು ರಾಮ್ಸೆಗಳ ಕಾಲದಲ್ಲಿ ಮೊದಲಲ್ಲ. ಜಗನ್ನಾಥ ಶಂಕರಶೇಟ್ ಮುಂದಾಳತ್ವದಲ್ಲಿ 1846ರಲ್ಲೇ ಇಲ್ಲಿ ರಂಗಮಂದಿರ ಎದ್ದಿತ್ತು. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ಅವರ ಮರಾಠಿ ನಾಟಕಗಳು ಇಲ್ಲಿ ಪ್ರದರ್ಶನ ಕಂಡವು. ಭಾವೆ ಅವರಿಗೆ ನಾಟಕದ ಪ್ರೇರಣೆ ಸಿಕ್ಕಿದ್ದು 1842ರಲ್ಲಿ ಸಾಂಗ್ಲಿಗೆ ಬಂದಿದ್ದ ಉತ್ತರ ಕನ್ನಡದ ಕರ್ಕಿ ಯಕ್ಷಗಾನ ಮೇಳದಿಂದ.

ಯಕ್ಷಗಾನದ ರಾಕ್ಷಸ ವೇಷದ ಪ್ರವೇಶ ನೋಡಿದವರಿಗೆ ಗೊತ್ತು. ಮೊದಲು ಅಬ್ಬರದ ಸದ್ದು, ನಂತರ ಮರೆಯಲ್ಲಿ ಅರ್ಧ ಮುಖ, ಕೊನೆಗೆ ಪೂರ್ಣ ದರ್ಶನ. ಹೆದರಿಸುವ ಈ ಕ್ರಮ ಟಿವಿಗಿಂತ ಎಷ್ಟೋ ಹಳೆಯದು.

ಒಳ್ಳೆಯ ಅಭಿಮಾನಿ ವಿಮರ್ಶೆ ಹೇಗಿರಬೇಕು?

* ಕಥೆಯ ನಿಯಮ ಗಮನಿಸಿ: ದೆವ್ವಕ್ಕೆ ಗೋಡೆ ದಾಟಲು ಆಗುತ್ತದೆಯೇ? ಟೈಮ್ ಮಷೀನ್ ಹಿಂದಕ್ಕೆ ಮಾತ್ರ ಹೋಗುತ್ತದೆಯೇ? ಮೊದಲ ಕಂತಿನ ನಿಯಮ ಕೊನೆಯ ಕಂತಿನಲ್ಲಿ ಮುರಿದರೆ ಹೇಳಿ.
* ಸದ್ದು ಕೇಳಿ: ಭಯ ಹುಟ್ಟಿದ್ದು ಕಥೆಯಿಂದಲೋ, ಏಕಾಏಕಿ ಏರಿಸಿದ ಸಂಗೀತದಿಂದಲೋ ನೋಡಿ.
* ದೆವ್ವ ಯಾರು ಎಂದು ಕೇಳಿ: ಅನ್ಯಾಯವಾಗಿ ಸತ್ತ ಹೆಣ್ಣೇ ಮತ್ತೆ ಮತ್ತೆ ಮೋಹಿನಿಯಾಗುವುದೇಕೆ? ಅಂಗವಿಕಲರನ್ನು ರಾಕ್ಷಸರಂತೆ ತೋರಿಸಿದರೆ ಅದನ್ನೂ ಪ್ರಶ್ನಿಸಿ.
* ಗುಟ್ಟು ಬಿಟ್ಟುಕೊಡಬೇಡಿ: ಅಂತ್ಯ ಹೇಳಲೇಬೇಕಾದರೆ ಮೊದಲೇ ಎಚ್ಚರಿಸಿ.
* ಹೆಸರು, ವರ್ಷ, ವಾಹಿನಿ ಬರೆಯಿರಿ: ಹತ್ತು ವರ್ಷದ ನಂತರ ಹುಡುಕುವವರಿಗೆ ಇದೇ ಸುಳಿವು.

ಬರೆದರೆ ಉಳಿಯುತ್ತದೆ

ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ, ಕುಮಾರ್ 2021ರಲ್ಲಿ, ಗಂಗು 2024ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಭಿಮಾನಿಗಳು ಅವರ ಕೆಲಸಕ್ಕೆ ಎರಡನೇ ಆಯುಷ್ಯ ಕೊಟ್ಟಿದ್ದರು. ವಿದೇಶದ ಹಾರರ್ ಪ್ರಿಯರಿಗಾಗಿ 'ಮೊಂಡೋ ಮಕಾಬ್ರೋ' ಸಂಸ್ಥೆ ಅವರ ಚಿತ್ರಗಳ ಡಿವಿಡಿ ತಂದಿತು. 2017ರಲ್ಲಿ ಶಮ್ಯಾ ದಾಸ್‌ಗುಪ್ತಾ ಈ ಸಹೋದರರ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು.

ಸಿನಿಮಾಗಳಿಗೆ ಈ ಅದೃಷ್ಟ ಸಿಕ್ಕಿತು. ವಾರಕ್ಕೊಮ್ಮೆ ಬಂದು ಹೋದ ಟಿವಿ ಕಂತುಗಳಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ನಟಿಸಿದ ಸಣ್ಣ ಕಲಾವಿದರು, ಮುಖವಾಡ ಮಾಡಿದವರು, ಬಾಗಿಲ ಕಿರ್ರೆನ್ನುವ ಸದ್ದು ಕೊಟ್ಟವರು ನೋಡಿದವರ ಮಾತಿನಲ್ಲೇ ಬದುಕಬೇಕು. ನಿಮಗೆ ನೆನಪಿರುವ ಒಂದು ಕಂತಿನ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಟ್ಟರೆ, ಅದೇ ಆ ಕಂತಿನ ಏಕೈಕ ಕನ್ನಡ ದಾಖಲೆಯಾಗಲೂಬಹುದು.